ಗಂಜಿಗೆ ಎಂತ ಪದಾರ್ಥ?

೧೯೮೪ರಲ್ಲಿ ನಾನು ಓದು ನಿಲ್ಲಿಸಿದೆ, ಏಳನೇ ಕ್ಲಾಸಿನ ಅರ್ಧದಲ್ಲಿ. ನಿಲ್ಲಿಸಿದೆ ಅಂತ ಹೇಳಿಕೊಳ್ಳುವುದು ನಾನು. ಓದಿಗೂ ನನ್ನ ಮೇಲೆ ಅಂಥ ಮೋಹವೇನೂ ಇರಲಿಲ್ಲ. ಆಗ ವಿಜ್ಞಾನದಲ್ಲಿ ಆಹಾರದ ಪಾಠ ನಡೆಯುತ್ತಿತ್ತು. ಪಿಷ್ಟ, ಕೊಬ್ಬು, ಸಸಾರಜನಕ ಅಂತ ಮಾಸ್ಟ್ರು ಬೋರ್ಡಿನ ಮೇಲೆ ಬರೆದಿದ್ದರು. ಮೂರನೆಯದು ಯಾವುದರಲ್ಲಿ ಉಂಟು ಅಂತ ಅವರು ಹೇಳುವ ಮೊದಲೇ ನಾನು ಕೆಂಪುಕಲ್ಲಿನ ಕೋರೆಗೆ ಕೆಲಸಕ್ಕೆ ಸೇರಿಯಾಗಿತ್ತು. ಯಾವುದನ್ನಾದರೂ ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಸಸಾರ ಮಾಡಿದ ಅಂತ ಹೇಳ್ತಾರಲ್ಲ, ಇದೂ ಅಂಥದ್ದೇ ಏನೋ ಸಸಾರದ ಸಂಗತಿ ಇರಬೇಕು ಅಂತ ನಾನು ಎಣಿಸಿಕೊಂಡೆ. ನಲ್ವತ್ತು ವರ್ಷ ಹಾಗೆಯೇ ಎಣಿಸಿಕೊಂಡು ಬಂದೆ. ಅದರ ಫಲವನ್ನು ಇಲ್ಲಿ ಬರೆಯುತ್ತಿದ್ದೇನೆ.

ಈಗ ಪುಂಜಾಲಕಟ್ಟೆಯಲ್ಲಿ ಶಾಮಿಯಾನ, ಕುರ್ಚಿ, ಅಡುಗೆ ಪಾತ್ರೆ ಬಾಡಿಗೆಗೆ ಕೊಡುವ ಕೆಲಸ ನನ್ನದು. ಬಂಟ್ವಾಳದ ಮದುವೆಗೂ ನಾನೇ, ಮಡಂತ್ಯಾರಿನ ಗೃಹಪ್ರವೇಶಕ್ಕೂ ನಾನೇ, ಮೂಡುಬಿದಿರೆಯಲ್ಲಿ ಕಬಡ್ಡಿ ಪಂದ್ಯ ಆದರೆ ಅಲ್ಲಿಯ ನೆರಳೂ ನನ್ನದೇ. ಕೋರೆಯಲ್ಲಿ ಕಲ್ಲು ಹೊತ್ತು, ಲಾರಿಗೆ ಕಲ್ಲು ತುಂಬಿಸಿ, ಮತ್ತೊಬ್ಬರ ಶಾಮಿಯಾನಕ್ಕೆ ಹಗ್ಗ ಕಟ್ಟಿ, ಆಮೇಲೆ ಸ್ವಂತ ಮಾಡಿದ್ದು. ಇವತ್ತಿಗೂ ಚಪ್ಪರದ ತುದಿಯ ಗಂಟು ನಾನೇ ಹತ್ತಿ ಹಾಕಬೇಕು. ಕೆಲಸದವರಿಗೆ ಬರುವುದಿಲ್ಲ ಅಂತಲ್ಲ. ಅವರಿಗೆ ಬರ್ತದೆ ಅಂತ ಒಪ್ಪಿಕೊಳ್ಳಲು ನನಗೆ ಬರುವುದಿಲ್ಲ.

ಯಾರಾದರೂ ಹೊಗಳಿದರೆ ನನ್ನ ಹತ್ತಿರ ಒಂದು ಮಾತು ಯಾವಾಗಲೂ ತಯಾರು ಇರುತ್ತಿತ್ತು: "ಬರೀ ಗಂಜಿ, ಉಪ್ಪಿನಕಾಯಿ ಉಂಡು ಮೇಲೆ ಬಂದವ ನಾನು." ಮದುವೆ ಮನೆಯ ಅಡುಗೆ ಕೊಟ್ಟಿಗೆಯಲ್ಲಿ, ಕೋಳಿ ಸುಕ್ಕದ ಪರಿಮಳದ ಮಧ್ಯೆ ನಿಂತು ಹೇಳಿದರೆ ಈ ಮಾತಿಗೆ ಒಂದು ಬೇರೆಯೇ ತೂಕ. ಗಲ್ಫಿನಿಂದ ರಜೆಗೆ ಬಂದವರು ಹೌದೆಂದು ತಲೆ ಆಡಿಸುತ್ತಿದ್ದರು. ಪ್ರೋಟೀನ್ ಪೌಡರಿನ ಡಬ್ಬ ಹಿಡಿದು ಜಿಮ್ಮಿಗೆ ಹೋಗುವ ಹುಡುಗರನ್ನು ನಾನೇ ಕರೆದು ನಿಲ್ಲಿಸಿ ಹೇಳುತ್ತಿದ್ದೆ. ಅವರು ನಿಂತು ಕೇಳುತ್ತಿದ್ದರು, ಪಾಪ. ಅವರ ಅಪ್ಪಂದಿರ ಮದುವೆಗೂ ಕುರ್ಚಿ ಕೊಟ್ಟವ ನಾನು.

ಆ ಮಾತು ನನ್ನನ್ನೇ ತಿನ್ನಲು ಶುರುಮಾಡಿದ್ದು ಹಲ್ಲಿನಿಂದ.

ಎಲೆ ಅಡಿಕೆ ಜಗಿದು ಜಗಿದು ನನ್ನ ಮೇಲಿನ ಸಾಲಿನ ಹಲ್ಲು ಪೂರ್ತಿ ಹೋಯಿತು. ಮೂಡುಬಿದಿರೆಯ ಹಲ್ಲಿನ ಡಾಕ್ಟ್ರು ಒಂದು ಸೆಟ್ ಮಾಡಿ ಕೊಟ್ಟರು. ಒಂದು ವಾರ ಹಾಕಿ ನೋಡಿ, ಎಲ್ಲಿ ನೋವಾಗ್ತದೆ ಹೇಳಿ, ಉಜ್ಜಿ ಸರಿ ಮಾಡ್ತೇನೆ ಅಂದರು. ನಾನು, ಬೇಡ ಡಾಕ್ಟ್ರೇ, ಹುಟ್ಟುವಾಗಲೇ ಇದ್ದ ಹಾಗೆ ಕೂತಿದೆ ಅಂದೆ. ಹಾಕಿದ ಗಂಟನ್ನು ಬಿಚ್ಚಿ ಪುನಃ ಹಾಕುವುದೆಂದರೆ ನನ್ನ ಕೆಲಸದಲ್ಲಿ ಅವಮಾನ. ಅವರಿಗೂ ಹಾಗೇ ಇರಬಹುದು ಅಂತ ಅವರ ಮರ್ಯಾದೆ ಉಳಿಸಿದೆ. ಮನೆಗೆ ಮುಟ್ಟುವಷ್ಟರಲ್ಲಿ ವಸಡಿನಲ್ಲಿ ಬೆಂಕಿ.

ಮರುವಾರ ಬಂಟ್ವಾಳದಲ್ಲಿ ಒಂದು ಮದುವೆಯ ಚಪ್ಪರ. ಕಂಬದ ಮೇಲಿದ್ದ ಕೆಲಸದವನಿಗೆ ಕೆಳಗಿನಿಂದ "ಎಳೆ" ಅಂತ ಬೊಬ್ಬೆ ಹಾಕಿದೆ. ಹಗ್ಗ ಮೇಲೆ ಹೋಯಿತು, ಸೆಟ್ ಕೆಳಗೆ ಬಂತು. ಮದುಮಗಳು ನಡೆದು ಬರುವ ಕೆಂಪು ಕಾರ್ಪೆಟ್ಟಿನ ನಟ್ಟನಡುವೆ ಕೂತು ಅದು ನನ್ನನ್ನೇ ನೋಡಿ ನಗುತ್ತಿತ್ತು. ಕೆಲಸದವರಲ್ಲಿ ಒಬ್ಬನೂ ನಗಲಿಲ್ಲ. ನಕ್ಕಿದ್ದರೆ ಬೈದು ಮುಗಿಸಬಹುದಿತ್ತು.

ಅವತ್ತಿನಿಂದ ಸೆಟ್ಟಿಗೊಂದು ನಿಯಮ ಮಾಡಿದೆ. ಜನರ ಹತ್ತಿರ ಮಾತಾಡುವಾಗ ಬಾಯಿಯಲ್ಲಿ, ಊಟದ ಹೊತ್ತಿಗೆ ಕರವಸ್ತ್ರದಲ್ಲಿ ಸುತ್ತಿ ಟೆಂಪೋದ ಡ್ಯಾಶ್‌ಬೋರ್ಡಿನ ಒಳಗೆ. ಬೇರೆಯವರು ಊಟಕ್ಕೆ ಕೂರುವಾಗ ಚಪ್ಪಲಿ ತೆಗೆದಿಡ್ತಾರೆ, ನಾನು ಹಲ್ಲು. ಜಗಿಯುವ ಯಾವುದೂ ಆಗುತ್ತಿರಲಿಲ್ಲ. ಆದರೆ ಆಗುವುದಿಲ್ಲ ಅಂತ ಹೇಳುವುದು ನನ್ನ ಜಾಯಮಾನವಲ್ಲ. ಆದ್ದರಿಂದ ಮನೆಯಲ್ಲಿ, ಇನ್ನು ಮುಂದೆ ನನಗೆ ಹಳೇ ಕ್ರಮದಲ್ಲಿ ಗಂಜಿ, ಉಪ್ಪಿನಕಾಯಿ ಸಾಕು ಅಂತ ಘೋಷಿಸಿದೆ.

ಹೆಂಡತಿ ಒಲೆಯ ಮೇಲಿದ್ದ ಮೀನಿನ ಸಾರನ್ನು ನೋಡಿದಳು, ನನ್ನನ್ನು ನೋಡಿದಳು.

"ಬಂಗುಡೆ ನಿಮಗೆ ಎಂತ ಮಾಡಿತು?" ಅಂತ ಕೇಳಿದಳು.

ದೊಡ್ಡವರು ಬದುಕಿದ ಕ್ರಮ, ದೇಹಕ್ಕೆ ತಂಪು, ಅತಿಯಾಗಿ ತಿಂದೇ ಈಗಿನವರಿಗೆ ರೋಗ ಅಂತೆಲ್ಲ ದೊಡ್ಡ ಉಪನ್ಯಾಸ ಕೊಟ್ಟೆ. ಮೇಲಿನ ಹಲ್ಲಿಲ್ಲದೆ ಕೊಟ್ಟದ್ದರಿಂದ ಅವಳಿಗೆ ಅರ್ಧ ಮಾತ್ರ ಅರ್ಥವಾಗಿರಬೇಕು. ಉಳಿದರ್ಧ ಅವಳಿಗೆ ಮೊದಲೇ ಗೊತ್ತಿತ್ತು.

ನಮ್ಮ ಊರಲ್ಲಿ ಎದುರು ಸಿಕ್ಕವರು ಊಟ ಆಯ್ತಾ ಅಂತ ಕೇಳಿ ಅಷ್ಟಕ್ಕೇ ಬಿಡುವುದಿಲ್ಲ. "ಎಂತ ಪದಾರ್ಥ?" ಅಂತ ಮುಂದಿನ ಪ್ರಶ್ನೆ ಬಂದೇ ಬರ್ತದೆ. ತುಳುವಿನಲ್ಲಾದರೆ "ದಾನೆ ಕಜಿಪು?" ಅನ್ನಕ್ಕೋ ಗಂಜಿಗೋ ಸೇರಿಸಿ ಉಣ್ಣುವ ಸಾರು, ಗಸಿ, ಪಲ್ಯ, ಮೀನು, ಎಲ್ಲ ನಮಗೆ ಪದಾರ್ಥ. ಘಟ್ಟದ ಮೇಲಿನವರಿಗೆ ಲೋಕದಲ್ಲಿರುವ ಯಾವ ವಸ್ತುವೂ ಪದಾರ್ಥ ಆದೀತು. ನಮ್ಮಲ್ಲಿ ಅದು ಬಟ್ಟಲಿನ ಒಳಗೇ ಇರಬೇಕು. ಈ ಪ್ರಶ್ನೆಗೆ ನಾನು ಎದೆಯೆತ್ತಿ, ಉಪ್ಪಿನಕಾಯಿ ಅಂತ ಉತ್ತರ ಕೊಡಲು ಶುರುಮಾಡಿದೆ. ಉಪ್ಪಿನಕಾಯಿ ಅಂದರೂ ಅದರ ರಸ ಮಾತ್ರ. ಮಾವಿನಮಿಡಿ ಜಗಿಯಲು ಯಾರಿಂದ ಆಗ್ತದೆ? ಕ್ರಮೇಣ ಕುಚ್ಚಲಕ್ಕಿಯ ಅಗುಳೂ ವಸಡಿಗೆ ಒತ್ತುತ್ತದೆ ಅಂತ ಮೇಲಿನ ತಿಳಿಯನ್ನೇ ಹೆಚ್ಚು ಕುಡಿಯತೊಡಗಿದೆ. ಮದುವೆ ಮನೆಗಳಲ್ಲಿ ಊಟಕ್ಕೆ ಒತ್ತಾಯ ಮಾಡಿದರೆ, ಮನೆಯಲ್ಲಿ ಗಂಜಿ ಕಾಯ್ತಾ ಉಂಟು ಅಂತ ಕೈ ಮುಗಿದು ಬರುತ್ತಿದ್ದೆ. ಇನ್ನೂರು ಜನರ ಊಟಕ್ಕೆ ಪಾತ್ರೆ ಇಳಿಸಿ, ತಿಳಿ ಕುಡಿಯಲು ಮನೆಗೆ ಹೋಗುವ ಗಂಡಸು.

ಸಪೂರ ಆದೆ. ಸಪೂರ ಆದದ್ದಕ್ಕೆ ಇಷ್ಟು ಮರ್ಯಾದೆ ಸಿಗ್ತದೆ ಅಂತ ನನಗೆ ಗೊತ್ತಿರಲಿಲ್ಲ. ಹೊಟ್ಟೆ ಬಂದ ನನ್ನ ಪ್ರಾಯದವರೆಲ್ಲ, ಎಂತ ಮಾಡ್ತೀರಿ ನೀವು ಅಂತ ಕೇಳಿದರು. ನಾನು ಗಂಜಿಯ ಮೇಲೆ ಭಾಷಣ ಕೊಟ್ಟೆ. ಒಬ್ಬರು ಅದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ಹೋದರು. ಆ ಪುಣ್ಯಾತ್ಮರು ಅದನ್ನು ಅಳಿಸಿದ್ದಾರೆ ಅಂತ ನಂಬಿದ್ದೇನೆ.

ಮಳೆಗಾಲ ಮುಗಿಯುವ ಹೊತ್ತಿಗೆ ಪಾದ ತುಂಬಿಕೊಂಡಿತು. ಬೆಳಿಗ್ಗೆ ಸ್ವಲ್ಪ, ಸಂಜೆಗೆ ಹೆಚ್ಚು. ನನಗೆ ಖುಷಿಯಾಯಿತು. ಹೋದ ಮೈ ವಾಪಸು ಬರ್ತಾ ಉಂಟು ಅಂತ ತಿಳಿದೆ. ಕೆಳಗಿನಿಂದ ಯಾಕೆ ಶುರು ಅಂತ ಹೆಂಡತಿ ಕೇಳಿದ್ದಕ್ಕೆ, ಕಟ್ಟಡ ಏಳುವುದು ಅಡಿಪಾಯದ ಪಂಚಾಂಗದಿಂದಲೇ ಅಲ್ಲವಾ ಅಂದೆ. ಬೆರಳಲ್ಲಿ ಒತ್ತಿದರೆ ಕಲಸಿದ ಹಿಟ್ಟಿನಲ್ಲಿ ಆದ ಹಾಗೆ ಗುಂಡಿ ಬಿದ್ದು ಹಾಗೇ ನಿಲ್ಲುತ್ತಿತ್ತು. ಹೊಸ ಮಾಂಸ, ಇನ್ನೂ ಗಟ್ಟಿ ಆಗಲಿಲ್ಲ ಅಂದುಕೊಂಡೆ. ಮಡಂತ್ಯಾರಿಗೆ ಹೋಗಿ ಒಂದು ನಂಬರು ದೊಡ್ಡ ಚಪ್ಪಲಿ ತಂದೆ. ಕೈಬೆರಳಿನ ಉಂಗುರ ಮಾತ್ರ ಜಾರಿ ಜಾರಿ ಬೀಳುತ್ತಿದ್ದದ್ದರಿಂದ ಅದಕ್ಕೆ ನೂಲು ಸುತ್ತಿಕೊಂಡೆ. ಕಾಲು ದಪ್ಪ, ಬೆರಳು ಸಪೂರ. ಇದು ಹೇಗೆ ಅಂತ ನಾನು ಕೇಳಿಕೊಳ್ಳಲಿಲ್ಲ. ಏಳನೇ ಕ್ಲಾಸು ಬಿಟ್ಟವರಿಗೆ ಇಂಥ ಅನುಕೂಲ ಉಂಟು.

ಹೆದರಿಕೆ ಹತ್ತಿದ್ದು ಗಾಯದಿಂದ. ಕಬ್ಬಿಣದ ಕಂಬ ಇಳಿಸುವಾಗ ಅದರ ತುದಿ ಮೊಣಕಾಲಿನ ಕೆಳಗೆ ತಾಗಿ ಸಣ್ಣ ಗಾಯ ಆಯಿತು. ಅಂಥದ್ದು ನನ್ನ ಕಾಲಲ್ಲಿ ನೂರು ಆಗಿವೆ, ನೂರೂ ತಾವಾಗಿ ಮುಚ್ಚಿವೆ. ಇದು ಮುಚ್ಚಲಿಲ್ಲ. ಅರಸಿನ ಹಾಕಿದೆ, ಅಂಗಡಿಯ ಮುಲಾಮು ಹಾಕಿದೆ. ಒಂದು ತಿಂಗಳು ಕಳೆಯಿತು, ಇನ್ನೊಂದು ಕಳೆಯಿತು, ಗಾಯ ಬಾಯಿ ತೆರೆದೇ ಇತ್ತು. ನಮ್ಮ ಪರಿಚಯದವರೊಬ್ಬರಿಗೆ ಸಕ್ಕರೆ ಕಾಯಿಲೆಯಲ್ಲಿ ಹೀಗೇ ಗಾಯ ಆಗಿ ಕಾಲೇ ತೆಗೆದಿದ್ದರು. ನನ್ನದೂ ಅದೇ ಅಂತ ನಾನೇ ತೀರ್ಮಾನ ಮಾಡಿದೆ. ಯಾರಿಗೂ ಹೇಳಲಿಲ್ಲ. ಸಕ್ಕರೆ ಹಾಕಿದ ಚಹಾ ಬಿಟ್ಟೆ, ಬಾಳೆಹಣ್ಣು ಬಿಟ್ಟೆ, ಗಂಜಿಗೆ ಹೆಂಡತಿ ಸುರಿಯುತ್ತಿದ್ದ ಒಂದು ಸೌಟು ಮಜ್ಜಿಗೆಯನ್ನೂ ಬಿಟ್ಟೆ. ಕಂಬ ಹತ್ತುವ ಮನುಷ್ಯನಿಗೆ ಒಂದು ಕಾಲು ಇಲ್ಲ ಅಂದರೆ ಮತ್ತೆ ಎಂತ ಉಳಿಯಿತು? ಕುರ್ಚಿ ಬಾಡಿಗೆಗೆ ಕೊಟ್ಟು, ಅದರಲ್ಲೊಂದರ ಮೇಲೆ ಕೂತಿರುವುದು.

ಮಡಂತ್ಯಾರಿನ ಒಂದು ಗೃಹಪ್ರವೇಶದಲ್ಲಿ ಟೆಂಪೋದಿಂದ ಕೊಪ್ಪರಿಗೆ ಇಳಿಸುತ್ತಿದ್ದೆವು. ಒಂದು ಕಿವಿ ನಾನು ಹಿಡಿದೆ, ಇನ್ನೊಂದು ಕಿವಿ ಕೆಲಸದವನು. ಅವನ ಬದಿ ಎದ್ದಿತು, ನನ್ನ ಬದಿ ಏಳಲಿಲ್ಲ. ಖಾಲಿ ಕೊಪ್ಪರಿಗೆ, ಅದೂ. ಅವನು ಮೆಲ್ಲಗೆ, "ಧಣಿ, ನೀವು ಬಿಡಿ, ಇನ್ನೊಬ್ಬನನ್ನು ಕರೀತೇನೆ" ಅಂದ. ನನಗೆ ಕಣ್ಣು ಕತ್ತಲೆ ಬಂತು. ಕವುಚಿ ಹಾಕಿದ ಒಂದು ಪಾತ್ರೆಯ ಮೇಲೆ ಕೂತೆ. ಕೂತು, ಪಾತ್ರೆ ಗಟ್ಟಿ ಉಂಟಾ ಅಂತ ಪರೀಕ್ಷೆ ಮಾಡುವವನ ಹಾಗೆ ಅದನ್ನು ತಟ್ಟಿದೆ.

ಕೆಲಸದವನು ಮನೆಗೆ ಫೋನು ಮಾಡಿಯಾಗಿತ್ತು. ಮರುದಿನ ಹೆಂಡತಿ ನನ್ನನ್ನು ಬೆಳ್ತಂಗಡಿಗೆ ಡಾಕ್ಟ್ರ ಹತ್ತಿರ ಕರೆದುಕೊಂಡು ಹೋದಳು. ಘಟ್ಟದ ಮೇಲಿಂದ ಬಂದ, ಸಣ್ಣ ಪ್ರಾಯದ ಹೆಂಗಸು ಡಾಕ್ಟ್ರು. ರಕ್ತ, ಮೂತ್ರ ಎಲ್ಲ ಪರೀಕ್ಷೆಗೆ ಕೊಟ್ಟು, ವರದಿ ಬಂದ ಮೇಲೆ ಪುನಃ ಎದುರು ಕೂತೆವು. ನಾನು ಎರಡೂ ಕಾಲನ್ನು ಕುರ್ಚಿಯ ಅಡಿಗೆ ಎಳೆದುಕೊಂಡಿದ್ದೆ, ಕಾಣದಿದ್ದರೆ ತೆಗೆಯುವುದಿಲ್ಲ ಎಂಬ ಹಾಗೆ.

ಸಕ್ಕರೆ ಇಲ್ಲ, ಕಿಡ್ನಿ, ಲಿವರ್ ಸರಿ ಇದೆ ಅಂದರು. ರಕ್ತದಲ್ಲಿ ಪ್ರೋಟೀನ್ ತುಂಬ ಕಡಿಮೆ ಇದೆ ಅಂದರು. ಆಮೇಲೆ ಪೆನ್ನು ಹಿಡಿದು ಕೇಳಿದರು:

"ದಿನಾ ಊಟಕ್ಕೆ ಯಾವ್ಯಾವ ಪದಾರ್ಥ ತಗೋತೀರಾ?"

"ಪದಾರ್ಥ ಇಲ್ಲ ಡಾಕ್ಟ್ರೇ."

"ಇಲ್ಲ ಅಂದ್ರೆ?"

"ಪದಾರ್ಥವೇ ಇಲ್ಲ. ಐದಾರು ತಿಂಗಳಾಯ್ತು."

ಅವರು ಪೆನ್ನು ಕೆಳಗಿಟ್ಟರು. ಸ್ವರ ಮೆತ್ತಗಾಯಿತು. ರೇಷನ್ ಕಾರ್ಡ್ ಇದೆಯಾ, ಅಕ್ಕಿ ಸಿಗುತ್ತಾ, ಮಕ್ಕಳು ನೋಡಿಕೊಳ್ಳುತ್ತಾರಾ ಅಂತ ಒಂದೊಂದೇ ಕೇಳಿದರು. ನೂಲು ಸುತ್ತಿದ ಚಿನ್ನದ ಉಂಗುರ ಅವರಿಗೆ ಕಾಣಲಿ ಅಂತ ನಾನು ಕೈಯನ್ನು ಮೇಜಿನ ಮೇಲಿಟ್ಟೆ. ಅವರು ಆ ಕೈ ಹಿಡಿದು ನಾಡಿ ನೋಡಿದರು. ಪಕ್ಕದಲ್ಲಿ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಅಳುತ್ತಿದ್ದಾಳೆ ಅಂತ ಡಾಕ್ಟ್ರು ತಿಳಿದರು. ಅಳುವವರ ಭುಜ ಹಾಗೆ ಕುಣಿಯುವುದಿಲ್ಲ.

ಕೊನೆಗೆ ಅವಳೇ ಎಲ್ಲ ಬಿಡಿಸಿ ಹೇಳಿದಳು. ಪದಾರ್ಥ ಅಂದರೆ ನಮ್ಮಲ್ಲಿ ಎಂತ, ಮನೆಯಲ್ಲಿ ಅದು ದಿನವೂ ಆಗ್ತದೆ, ಉಣ್ಣದಿರುವುದು ಇವರು ಅಂತ. "ಹಲ್ಲಿನ ಸೆಟ್ ಟೆಂಪೋದಲ್ಲಿ ಉಂಟು ಡಾಕ್ಟ್ರೇ," ಅಂದಳು. "ಊಟದ ಹೊತ್ತಿಗೆ ಅದಕ್ಕೆ ರಜೆ."

ಇದಕ್ಕೆ ಅಪೌಷ್ಟಿಕತೆ ಅಂತಾರೆ ಅಂದರು ಡಾಕ್ಟ್ರು. ನನಗೆ ಸಿಟ್ಟು ಬಂತು. ಅದು ಅಂಗನವಾಡಿಯ ಗೋಡೆಯಲ್ಲಿ ಬರೆದ ರೋಗ ಅಲ್ಲವಾ, ಪಕ್ಕದಲ್ಲಿ ಹೊಟ್ಟೆ ಉಬ್ಬಿದ, ಕಾಲು ಕಡ್ಡಿಯಾದ ಮಗುವಿನ ಚಿತ್ರ ಇರ್ತದೆ, ನನಗೆ ಹೇಗೆ ಅಂದೆ.

"ಗೋಡೇಲಿ ಜಾಗ ಕಡಿಮೆ ಇತ್ತೇನೋ, ನಿಮ್ಮನ್ನ ಬಿಟ್ಟಿದ್ದಾರೆ," ಅಂದರು ಅವರು.

ಹೊರಗಿನಿಂದ ಬರುವುದು ಸಾಲದೆ ದೇಹ ತನ್ನ ಮಾಂಸವನ್ನೇ ಕರಗಿಸಿ ತಿನ್ನುತ್ತಿದೆ. ಕಾಲಿಗೆ ಬಂದದ್ದು ಮೈಯಲ್ಲ, ನೀರು. ಗಾಯ ಮುಚ್ಚಲು ದೇಹಕ್ಕೆ ಸಾಮಾನು ಬೇಕು, ಆ ಸಾಮಾನೇ ಮೊಟ್ಟೆ, ಮೀನು, ಬೇಳೆ, ಹಾಲು. ಇಷ್ಟನ್ನು ಅವರು ಸಾವಧಾನದಲ್ಲಿ ಹೇಳಿದರು. ಒಮ್ಮೆಗೇ ರಾಶಿ ತಿನ್ನಬೇಡಿ, ಸ್ವಲ್ಪ ಸ್ವಲ್ಪ ಹೆಚ್ಚು ಮಾಡಿ, ಹಲ್ಲು ಸರಿ ಮಾಡಿಸಿ, ತಿಂದರೆ ಕಾಲು ಉಳಿಯುತ್ತೆ ಅಂದರು. ತಿನ್ನದಿದ್ದರೆ ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಪ್ರೋಟೀನಿಗೆ ಕನ್ನಡದಲ್ಲಿ ಎಂತ ಹೇಳ್ತಾರೆ ಅಂತ ಮಾತ್ರ ಕೇಳಿದೆ. ಅವರು ಸ್ವಲ್ಪ ಯೋಚನೆ ಮಾಡಿ, ಸ್ಕೂಲಲ್ಲಿ ಸಸಾರಜನಕ ಅಂತ ಓದಿದ ನೆನಪು ಅಂದರು. ಆ ಪಾಠದ ಉಳಿದ ಭಾಗ ನನಗೆ ಹೀಗೆ ಸಿಕ್ಕಿತು.

ಇಷ್ಟಾದರೂ ಬುದ್ಧಿ ಬಂತು ಅಂತ ಎಣಿಸಬೇಡಿ. ಮನೆಗೆ ಬಂದು, ನನ್ನನ್ನು ಕಟ್ಟಿದ ಗಂಜಿಯೇ ನನ್ನನ್ನು ಬೀಳಿಸ್ತದಾ, ಆ ಹುಡುಗಿಗೆ ನಮ್ಮ ಗಂಜಿ ಗೊತ್ತಿಲ್ಲ ಅಂದೆ. ಬೇಯಿಸಿದ ಮೊಟ್ಟೆ ಬಟ್ಟಲಿನಲ್ಲಿ ತಣ್ಣಗಾಯಿತು. ಇಷ್ಟು ವರ್ಷ ಊರೆಲ್ಲ ಹೇಳಿಕೊಂಡ ಮಾತನ್ನು ಒಂದು ಮೊಟ್ಟೆಗಾಗಿ ಬಿಡುವುದು ಹೇಗೆ? ಹೆಂಡತಿ ಬಟ್ಟಲು ಎತ್ತಿಟ್ಟಳು. ಲಾಯಿಲದಲ್ಲಿರುವ ನನ್ನ ಅಕ್ಕನಿಗೆ ಫೋನು ಮಾಡಿದಳು.

ಅಕ್ಕ ಮರುದಿನ ಬೆಳಿಗ್ಗೆಯ ಬಸ್ಸಿಗೇ ಬಂದಳು. ನನಗಿಂತ ನಾಲ್ಕು ವರ್ಷ ದೊಡ್ಡವಳು, ಎತ್ತರದಲ್ಲಿ ನನ್ನ ಎದೆಯವರೆಗೆ. ಅವಳನ್ನು ಅರ್ಧ ಟಿಕೆಟು ಅಂತ ತಮಾಷೆ ಮಾಡುವುದು ನನ್ನ ಹಳೇ ಅಭ್ಯಾಸ. ಮನೆಯ ಕಾರ್ಯಕ್ರಮಗಳಲ್ಲಿ ಫೋಟೋ ತೆಗೆಯುವಾಗ ಅವಳಿಗೆ ನಿಲ್ಲಲು ನಾನೇ ಒಂದು ಪ್ಲಾಸ್ಟಿಕ್ ಸ್ಟೂಲು ತಂದಿಡ್ತೇನೆ, ಎಂಥ ಕಾಳಜಿಯ ತಮ್ಮ ಅಂತ ಜನರು ನೋಡಲಿ ಅಂತ. ಅವಳ ಚೀಲದಲ್ಲಿ ಹುರುಳಿ ಮತ್ತು ಒಣ ಸಿಗಡಿ ಇತ್ತು. ಬಂದವಳು ನನ್ನ ಕಾಲನ್ನು ಬೆರಳಲ್ಲಿ ಒತ್ತಿ ನೋಡಿದಳು, ಗುಂಡಿ ಬಿತ್ತು. ನಾನು ನನ್ನ ಮಾತನ್ನು ಅವಳ ಎದುರೂ ಹೇಳಿದೆ.

"ಬರೀ ಗಂಜಿ ಉಂಡದ್ದು ಯಾರು?" ಅಂತ ಕೇಳಿದಳು.

"ನಾನು. ಕೋರೆಗೆ ಹೋಗುವಾಗ."

"ನಿನ್ನ ಬುತ್ತಿಯಲ್ಲಿ ಗಂಜಿಯ ಅಡಿಯಲ್ಲಿ ಎಂತ ಇರ್ತಿತ್ತು?"

ಮರೆಯಲು ಅದು ಮರೆಯುವ ಸಂಗತಿಯಲ್ಲ. ಮೊಟ್ಟೆ ಇರುತ್ತಿತ್ತು. ಮೊಟ್ಟೆ ಇಲ್ಲದ ದಿನ ಸುಟ್ಟ ಒಣಮೀನು, ಇಲ್ಲವೇ ಹುರುಳಿ ಚಟ್ನಿ. ಕೋರೆಯಲ್ಲಿ ಬೇರೆಯವರ ಕಣ್ಣು ಬೀಳಬಾರದು ಅಂತ ಅಮ್ಮ ಅದನ್ನು ಗಂಜಿಯ ಅಡಿಯಲ್ಲಿ ಹುಗಿದು ಕೊಡುತ್ತಿದ್ದಳು. ಆದರೆ ಅದನ್ನೆಲ್ಲ ಬೇರೆ ಹೇಳಬೇಕಾ? ನಮ್ಮಲ್ಲಿ ಗಂಜಿ ಉಂಡೆ ಅಂದರೆ ಪದಾರ್ಥ ಅದರ ಒಳಗೇ ಬಂತು. ಅದಕ್ಕೇ ಅಲ್ಲವಾ ಎಂತ ಪದಾರ್ಥ ಅಂತ ಕೇಳುವುದು? ಅದು ಎಲ್ಲರಿಗೂ ಇತ್ತಲ್ಲ ಅಂದೆ.

"ಎಲ್ಲರಿಗೂ ಎಲ್ಲಿಂದ?" ಅಂದಳು ಅಕ್ಕ. "ನಮ್ಮಲ್ಲಿ ಇದ್ದದ್ದು ಒಂದು ಕೋಳಿ ಮಾರಾಯ. ಅದು ದಿನಕ್ಕೆ ಎಷ್ಟು ಮೊಟ್ಟೆ ಇಡಬೇಕು?"

ಅವಳು ಸಿಗಡಿಯ ತಲೆ, ಬಾಲ ಮುರಿಯುತ್ತಾ, ದೂರು ಹೇಳುವವಳ ಹಾಗಲ್ಲ, ತಮಾಷೆ ಹೇಳುವವಳ ಹಾಗೆ ನಗುತ್ತಾ ಹೇಳಿದಳು:

"ದುಡಿಯುವ ಹುಡುಗ ಅಂತ ಅಮ್ಮ ನಿನಗೆ ಹಾಕಿದಳು. ಅಮ್ಮನಿಗೆ, ನನಗೆ ಉಪ್ಪಿನಕಾಯಿ. ಬರೀ ಗಂಜಿ ಉಂಡವಳು ನಾನು, ನೀನು ಪದಾರ್ಥ ಉಂಡವ. ನನ್ನ ಮಾತನ್ನು ನೀನು ಊರೆಲ್ಲ ಹೇಳಿಕೊಂಡು ತಿರುಗಿದ್ದಲ್ಲವಾ?"

ಬಾಡಿಗೆಯಲ್ಲೇ ಜೀವನ ಮಾಡುವವ ನಾನು. ಮತ್ತೊಬ್ಬರ ಮಾತನ್ನು ಇಷ್ಟು ವರ್ಷ ಬಾಡಿಗೆ ಕೊಡದೆ ಬಳಸಿದ್ದೆ. ಏನಾದರೂ ಹೇಳಬೇಕು ಅಂತ ಬಾಯಿ ತೆರೆದೆ, ಸೆಟ್ ಟೆಂಪೋದಲ್ಲಿತ್ತು. ಅಕ್ಕ ಒಳಗೆ ಹೋಗಿ ಸಿಗಡಿ ಹುರಿದು, ತೆಂಗಿನಕಾಯಿ ಹಾಕಿ, ಜಗಿಯಬೇಕಾಗದ ಹಾಗೆ ನುಣ್ಣಗೆ ಅರೆದು ತಂದಳು. ಹುರುಳಿ ಬೇಯಿಸಿ ಹಿಚುಕಿ ಇಟ್ಟಳು. ಸ್ಟೂಲು ಎಳೆದುಕೊಂಡು ನನ್ನ ಎದುರು ಕೂತಳು. ಆ ಸ್ಟೂಲಿನ ಕಡೆ ನೋಡಲು ನನ್ನಿಂದ ಆಗಲಿಲ್ಲ. ಬಟ್ಟಲು ನೋಡುತ್ತಾ ಉಂಡೆ. ಬಡಿಸಿದಷ್ಟೂ ಉಂಡೆ.

ಮರುವಾರ ಮೂಡುಬಿದಿರೆಗೆ ಹೋದೆ. ನೋವು ಎಲ್ಲಿ ಅಂತ ಹಲ್ಲಿನ ಡಾಕ್ಟ್ರು ಕೇಳಿದರು, ಬೆರಳಿಟ್ಟು ತೋರಿಸಿದೆ. ಅವರು ಸೆಟ್ಟಿನ ಒಂದು ಅಂಚನ್ನು ಉಜ್ಜಿದರು. ನಾನು ಒಂದು ಗಂಟು ಹಾಕುವಷ್ಟು ಹೊತ್ತೂ ಅವರಿಗೆ ಬೇಕಾಗಲಿಲ್ಲ. ಇದಕ್ಕೆ ಅರ್ಧ ವರ್ಷ ಉಪವಾಸ ಕೂತೆನಾ ಅಂತ ಮೆಟ್ಟಲು ಇಳಿಯುವಾಗ ನನಗೇ ನಗು ಬಂತು. ನಕ್ಕೆ. ಸೆಟ್ ಬೀಳಲಿಲ್ಲ.

ಕಾಲಿನ ನೀರು ಮೊದಲು ಇಳಿಯಿತು, ದೊಡ್ಡ ಚಪ್ಪಲಿ ವ್ಯರ್ಥವಾಯಿತು. ಗಾಯ ಅಂಚಿನಿಂದ ಒಳಗೆ ಒಳಗೆ ಮುಚ್ಚುತ್ತಾ ಬಂದು ಈಗ ಒಂದು ಕಲೆ ಮಾತ್ರ ಉಂಟು. ಕೊಪ್ಪರಿಗೆಯ ನನ್ನ ಬದಿ ಮೊದಲಿನ ಹಾಗೆ ಏಳ್ತದೆ. ತುದಿಯ ಗಂಟು ಕೆಲಸದವನೇ ಹಾಕುತ್ತಾನೆ. ನಾನು ಕೆಳಗೆ ನಿಂತು, ಸರಿಯಾಗಲಿಲ್ಲ ಅಂತ ಹೇಳ್ತೇನೆ. ಜಿಮ್ಮಿನ ಹುಡುಗರು ಎದುರು ಸಿಕ್ಕಿದರೆ ಈಗ ನಾನೇ ರಸ್ತೆ ದಾಟುತ್ತೇನೆ.

ಮನೆಯ ಹಿಂದೆ ಕೋಳಿ ಸಾಕಿದ್ದೇನೆ. ಪ್ರತಿ ವಾರ ಮೊಟ್ಟೆ ತೆಗೆದುಕೊಂಡು ಲಾಯಿಲಕ್ಕೆ ಹೋಗ್ತೇನೆ. ಅಕ್ಕ ತೆಗೆದುಕೊಳ್ತಾಳೆ, ಆದರೆ ಪಕ್ಕದ ಮನೆಯ ಮಕ್ಕಳಿಗೆ ಕೊಟ್ಟುಬಿಡ್ತಾಳೆ. ನೀನು ತಿನ್ನು ಅಂದರೆ, ನನಗೆ ಮೊಟ್ಟೆ ಸೇರುವುದಿಲ್ಲ, ಸಣ್ಣದರಿಂದಲೂ ಅಭ್ಯಾಸ ಇಲ್ಲ ಅಂತಾಳೆ. ಆದರೂ ತೆಗೆದುಕೊಂಡು ಹೋಗ್ತೇನೆ. ಹೋದಾಗಲೆಲ್ಲ ಅವಳು ಮೊದಲು ಕೇಳುವುದು, ಇವತ್ತು ಎಂತ ಪದಾರ್ಥ ಅಂತ. ನಾನು ಸರಿಯಾಗಿ ಉತ್ತರ ಹೇಳ್ತೇನೆ.

ಈಗ ನನ್ನಲ್ಲಿ ಇರುವುದು ಇಷ್ಟು. ಟೆಂಪೋ ಎರಡು. ಕುರ್ಚಿ ಎಂಟುನೂರು, ಅದರಲ್ಲಿ ಕಾಲು ಮುರಿದದ್ದು ಮೂವತ್ತು. ಕೊಪ್ಪರಿಗೆ ಹನ್ನೆರಡು. ಕೆಳಗೆ ಸ್ವಂತ ಹಲ್ಲು ಹತ್ತು, ಮೇಲೆ ಒಂದು ಸೆಟ್. ಕಾಲು ಎರಡು. ಹೆಂಡತಿ ಒಬ್ಬಳು. ಕೋಳಿ ಏಳು, ಮೊಟ್ಟೆ ಇಡುವುದು ಐದು. ಅಕ್ಕ ಒಬ್ಬಳು.